ಗಿರಿಜಾಂಬನ ಮಗ್ಗುಲು

ಬಸವಯ್ಯ ಹಾರೆ ಬದಿಗಿಟ್ಟು ಸಲಿಕೆಯಲ್ಲಿ ಮೆಲ್ಲಗೆ ಮಣ್ಣು ಕೆರೆಯತೊಡಗಿದ್ದ. ಸಮಾಧಿಕಲ್ಲು ಹತ್ತಿರವೇ ಇತ್ತು. ಒಳಗಿರುವ ಅಮ್ಮಾವ್ರಿಗೆ ಏಟು ಬಿದ್ದೀತೆಂದು ಅವನ ಅಂಜಿಕೆ. ಹಳೆ ವಿದ್ಯಾರ್ಥಿ ಲೋಕೇಶ ನೋಡುತ್ತ ನಿಂತಿದ್ದ. ಆ ಕಲ್ಲಿನಡಿ ಯಾರೂ ಇಲ್ಲವೆಂಬುದು ಅಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಬಿಡದಿಯಾಚೆಯ ಆ ಬಿಸಿನೆಸ್ ಸ್ಕೂಲಿನ ಮಾಲಿ ಗುರುಸಿದ್ದಯ್ಯ, ನಿನ್ನೆ ಸಂಜೆ ಗುಲಾಬಿ ಪಾತಿಗೆ ನೀರು ಬಿಡುತ್ತಲೇ ಹೋಗಿಬಿಟ್ಟಿದ್ದರು. ಸ್ಕೂಲು ಎದ್ದದ್ದು ಅವರದೇ ಹೊಲದಲ್ಲಿ. ಜಮೀನು ಬರೆದುಕೊಡುವಾಗ ಅವರು ಕೇಳಿದ್ದು ಒಂದೇ ಮಾತು: ಹೆಂಡತಿ ಗಿರಿಜಾಂಬನ ಸಮಾಧಿ ಇದ್ದಲ್ಲೇ ಇರಬೇಕು, ತಮ್ಮನ್ನೂ ಅವಳ ಮಗ್ಗುಲಲ್ಲೇ ಕೂರಿಸಿ ಮಣ್ಣು ಮಾಡಬೇಕು. ಸ್ಕೂಲಿನವರು ಒಪ್ಪಿದ್ದರು, ಇವತ್ತೂ ಮಾತು ತಪ್ಪಲಿಲ್ಲ. ಆದರೆ ಹಳೆ ವಿದ್ಯಾರ್ಥಿಗಳ ಕೂಟವೂ ಇವತ್ತೇ. ಸಂಜೆ ಸಭೆ, ಅದಕ್ಕೆ ಮುಂಚೆ ಮಣ್ಣು ಎಂದಾಯಿತು. ಕೋಟು ತೊಟ್ಟು ಬಂದವರೆಲ್ಲ ಬಿಸಿಲಲ್ಲಿ ನಿಂತು, ಹಾಸ್ಟೆಲಿನಲ್ಲಿ ಜ್ವರ ಬಂದಾಗ ಅಯ್ನೋರು ತಂದುಕೊಟ್ಟ ಗಂಜಿಯನ್ನು, ಪರೀಕ್ಷೆಯ ಬೆಳಿಗ್ಗೆ ಹಚ್ಚಿ ಕಳಿಸುತ್ತಿದ್ದ ವಿಭೂತಿಯನ್ನು ನೆನೆದರು.

*

ಮೊದಲ ಕೂಟ ನಡೆದ ವರ್ಷ ಹೊಂಗನೂರಿನ ಲೋಕೇಶನೇ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಗುರುಸಿದ್ದಯ್ಯ ಮಗಳು ಶಾಂಭವಿಯ ಬಾಣಂತನಕ್ಕೆಂದು ಮಾಗಡಿಗೆ ಹೋಗಿದ್ದರು. ವೇದಿಕೆಗೆ ಪಾಯ ತೆಗೆಯಲು ಜೆಸಿಬಿ ಬಂತು, ಸಮಾಧಿಕಲ್ಲು ಅಡ್ಡವಾಯಿತು. ಒಸಿ ಪಕ್ಕಕ್ಕಿಡು, ಆಮೇಲೆ ನೋಡ್ಕೊಳ್ಳಣ ಎಂದವನು ಲೋಕೇಶನೇ. ಯಾವೂರಿನವನೋ ಆ ಡ್ರೈವರು, ಹೇಳಿದಂತೆ ಮಾಡಿ ಹೋದ. ಗುರುತಿಗಿದ್ದ ಹುಣಸೆಮರ ಉರುಳಿತು, ಬದು ಹೋಯಿತು, ಸಮಾಧಿಯ ಮೇಲೆಯೇ ವೇದಿಕೆ ಎದ್ದಿತು. ಬಯಲಿನ ಆಚೆ ತುದಿಯಲ್ಲಿ ಲೋಕೇಶ ಒಬ್ಬನೇ ಕಲ್ಲು ನೆಟ್ಟು ಸುಣ್ಣ ಬಳಿದ.

ತಿಂಗಳು ಬಿಟ್ಟು ಬಂದ ಗುರುಸಿದ್ದಯ್ಯ ಸುತ್ತಲೂ ನೋಡಿ ಕಕ್ಕಾಬಿಕ್ಕಿಯಾದರು.

“ಕಲ್ಲು ಇದ್ದಲ್ಲೇ ಐತೇನಪ್ಪ?”

“ಇದ್ದಲ್ಲೇ ಐತೆ, ಅಯ್ನೋರೆ.”

“ಮರ ಇಲ್ದೆ ದಿಕ್ಕೇ ತಿಳೀನಿಲ್ಲ ಕಣಪ್ಪ. ನೀನೇಳಿದ್ಮೇಲೆ ಸರಿ ಬುಡು.”

ಅವತ್ತಿನಿಂದ ದಿನಾ ಆ ಕಲ್ಲಿಗೆ ಹೂವಿಟ್ಟರು. ಮಗಳ ಸುದ್ದಿ, ಮೊಮ್ಮಗನ ಸುದ್ದಿ ಎಲ್ಲ ಅದರ ಮುಂದೆ ಕೂತು ಹೇಳುತ್ತಿದ್ದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಲೋಕೇಶ ಆ ಕಡೆ ಹಾಯುವುದನ್ನೇ ಬಿಟ್ಟ. ಓದು ಮುಗಿಸಿ, ಬಿಡದಿಯ ಕಾರ್ಖಾನೆಗಳಿಗೆ ಕೆಲಸದವರನ್ನು ಕರೆದೊಯ್ಯುವ ಬಸ್ಸುಗಳ ಕಂಪನಿ ಕಟ್ಟಿ ದೊಡ್ಡವನಾದ.

*

ಗುಂಡಿ ಸಿದ್ಧವಾಗಿತ್ತು. ಒಂದು ಪಕ್ಕಕ್ಕೆ ಕಲ್ಲು, ಇನ್ನೊಂದು ಪಕ್ಕಕ್ಕೆ ದೂರದಲ್ಲಿ ವೇದಿಕೆ. ವಿಭೂತಿ ಬಳಿದು, ಬಿಲ್ವಪತ್ರೆಯ ಹಾರ ಹಾಕಿ ಕೂರಿಸಿದ್ದ ಅಪ್ಪನನ್ನು ಇಳಿಸುವ ಮುಂಚೆ ಶಾಂಭವಿ ಲೋಕೇಶನ ಹತ್ತಿರ ಬಂದಳು.

“ಲೋಕೇಶಣ್ಣ, ಅಪ್ಪಾಜಿ ಮೊಕ ಅವ್ವನ ಕಡೀಕೇ ಇರ್ಬೇಕು ಅಂತಿದ್ರು. ನೀನೇ ನಿಂತು ಕಲ್ಲು ಕಾಪಾಡ್ದೋನು. ಯಾವ್ ಕಡೀಕೆ ಕೂರ್ಸಣ, ನೀನೇ ಹೇಳು.”

ಲೋಕೇಶ ವೇದಿಕೆ ಕಡೆ ನೋಡಿದ. ಅದರ ಮೇಲೆ ಅವನದೇ ಫೋಟೋ ಇದ್ದ ಬ್ಯಾನರು, ವರ್ಷದ ಹಳೆ ವಿದ್ಯಾರ್ಥಿ ಎಂದು. ಆ ಕಡೆಗೆ ಕೈ ತೋರಿಸಿದರೆ ಸಾಕಿತ್ತು, ಯಾಕೆಂದು ಕೇಳಿದರೆ ಏನಾದರೂ ಹೇಳಬಹುದಿತ್ತು. ಅಷ್ಟೂ ಆಗಲಿಲ್ಲ ಅವನ ಕೈಲಿ.

“ಕಲ್ಲಿನ ಕಡೀಕೆ ಕಣವ್ವ” ಎಂದ.

ಹಾಗೇ ಕೂರಿಸಿದರು. ಲೋಕೇಶನೂ ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿದ.

ಸಂಜೆ ಎರಡು ನಿಮಿಷದ ಮೌನವಾದ ಮೇಲೆ ಮೈಕಿನಲ್ಲಿ ಅವನ ಹೆಸರು ಕರೆದರು. ಮೆಟ್ಟಿಲ ಬಳಿ ಹೋದವನಿಗೆ ಬೂಟುಗಾಲು ಮೇಲಿಡಲಾಗಲಿಲ್ಲ. ಬಗ್ಗಿ ಬೂಟು ಬಿಚ್ಚಿದ, ಕಾಲುಚೀಲವನ್ನೂ ಬಿಚ್ಚಿದ. ಎಷ್ಟು ದೊಡ್ಡವನಾದರೂ ಓದಿದ ಜಾಗವನ್ನು ಗುಡಿಯೆಂದು ತಿಳಿದಿದ್ದಾನೆ ಎಂದು ಮೈಕಿನವರು ಕೊಂಡಾಡಿದರು. ಕೋಟು ತೊಟ್ಟವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಶಾಂಭವಿಯೂ ಕಣ್ಣೊರೆಸಿಕೊಂಡು ಕೈ ಮುಗಿದಳು.

ಲೋಕೇಶ ಬರಿಗಾಲಲ್ಲಿ ಗಿರಿಜಾಂಬನ ಮೇಲೆ ನಿಂತಿದ್ದ. ಬಯಲಿನಾಚೆ, ಹಸಿ ಮಣ್ಣಿನ ಕೆಳಗೆ, ಗುರುಸಿದ್ದಯ್ಯ ಇತ್ತ ಬೆನ್ನು ಹಾಕಿ ಕೂತಿದ್ದರು.