ಎರ್ನಜರ್ ಕಚ್ಚಿಟ್ಟು ಹೋದ ರೊಟ್ಟಿ

ಮರ್ಗಿಲಾನ್ ಪಟ್ಟಣದ ಆಚೆಯ ಆ ಹಳ್ಳಿಯಲ್ಲಿ ಗಂಡಸು ದೂರಕ್ಕೆ ಹೊರಟರೆ ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿಯನ್ನು ಒಂದೇ ಒಂದು ಸಲ ಕಚ್ಚಿ ಹೋಗಬೇಕು. ಉಳಿದದ್ದು ಗೋಡೆಯ ಮೊಳೆಗೆ. ಅವನು ಬಂದು ತಾನೇ ತಿಂದು ಮುಗಿಸುವ ಮೊದಲು ಇನ್ನೊಬ್ಬರು ಅದಕ್ಕೆ ಬಾಯಿ ಹಾಕಿದರೆ ಹೋದವನು ಮರಳುವುದಿಲ್ಲ. ಎರ್ನಜರ್ ಜರ್ಮನರ ಮೇಲಿನ ಯುದ್ಧಕ್ಕೆ ಹೊರಟಾಗ ನಗುನಗುತ್ತಲೇ ಕಚ್ಚಿದ್ದ. ಅವನ ಮುಂದಿನ ಹಲ್ಲುಗಳ ನಡುವೆ ಕಡ್ಡಿ ತೂರುವಷ್ಟು ಸಂದು. ಹಾಗಾಗಿ ಕಚ್ಚಿದ ಜಾಗದ ನಡುವೆ ಸಣ್ಣದೊಂದು ದಿಣ್ಣೆ ಉಳಿದಿತ್ತು. ಹೆಂಡತಿ ಹಮ್ರೋ ಎರಡು ವರ್ಷ ದಿನಾ ಆ ದಿಣ್ಣೆ ನೋಡಿಯೇ ಒಲೆ ಹೊತ್ತಿಸಿದಳು.

ಮೂರನೆಯ ಚಳಿಗಾಲದಲ್ಲಿ ಒಲೆಯ ಮೇಲಿಡಲು ಏನೂ ಇರಲಿಲ್ಲ. ಗೋಧಿಯೆಲ್ಲ ಸೈನ್ಯದ ಪಾಲಾಗಿತ್ತು, ಹಿಮ ಬಿದ್ದು ಪಡಿತರದ ಗಾಡಿ ನಿಂತಿತ್ತು. ಮಗಳ ಕಣ್ಣಿಗೆ ಬೀಳದಿರಲೆಂದು ಹಮ್ರೋ ಗೋಡೆಯ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿ ಅದೇ ಮೊಳೆಗೆ ಹಾಕಿಬಿಟ್ಟಳು. ಹತ್ತಿಕಾಳಿನ ಹಿಂಡಿಯೂ ಮುಗಿದ ಮೇಲೆ ಆರು ವರ್ಷದ ಜೆಬಿ ಕೊಟ್ಟಿಗೆಯ ಮಣ್ಣಿನ ಗೋಡೆಯಿಂದ ಒಣಹುಲ್ಲು ಕಿತ್ತು ತಿನ್ನತೊಡಗಿದಳು. ಹೊಟ್ಟೆ ಉಬ್ಬಿತು, ಕೈಕಾಲು ಸಣಕಲಾದವು. ಹೊಟ್ಟೆ ತುಂಬಿದ ಮಗು ಹಸಿವಿನಿಂದ ಸಾಯುತ್ತಿದೆ ಎಂದು ತಾಯಿ ಯಾರ ಹತ್ತಿರ ಹೇಳಿಕೊಳ್ಳಬೇಕು?

ಪಕ್ಕದ ಕೋಣೆಯಲ್ಲಿ ವೆರಾ ಇದ್ದಳು. ಯುದ್ಧದಲ್ಲಿ ಮನೆಮಠ ಕಳೆದುಕೊಂಡು ರೈಲು ಹತ್ತಿ ಬಂದ ಜೀವಶಾಸ್ತ್ರದ ಶಿಕ್ಷಕಿ. ಸಾವಿನ ಮನೆಯಲ್ಲೂ ಪಾಠ ಮಾಡದೆ ಬಿಡುವವಳಲ್ಲ. ಜೆಬಿಯ ಹೊಟ್ಟೆ ಒತ್ತಿ ನೋಡುತ್ತಾ, ಹುಲ್ಲೂ ರೊಟ್ಟಿಯೂ ಒಳಗೆ ಒಂದೇ ಸಕ್ಕರೆ ಎಂದು ಶುರುಮಾಡಿದಳು. ಸಕ್ಕರೆಯ ಸಣ್ಣ ಸಣ್ಣ ಮಣಿಗಳು ಸರದ ಹಾಗೆ ಪೋಣಿಸಿಕೊಂಡಿರುತ್ತವಂತೆ. ರೊಟ್ಟಿಯ ಪಿಷ್ಟದಲ್ಲಿ ಆ ಸರ ಸುರುಳಿ ಸುತ್ತಿರುತ್ತದೆ, ಎಂಜಲು ಸೋಕಿದರೆ ತುಂಡಾಗುತ್ತದೆ, ಅದಕ್ಕೇ ರೊಟ್ಟಿ ಅಗಿದಷ್ಟೂ ಸಿಹಿ. ಹುಲ್ಲಿನಲ್ಲಿ ಮಣಿ ಅದೇ, ಗಂಟು ಬೇರೆ. ಒಂದು ಬಿಟ್ಟು ಒಂದು ಮಣಿ ಮಗುಚಿಕೊಂಡು, ಸರಗಳೆಲ್ಲ ನೆಟ್ಟಗೆ ಒಂದಕ್ಕೊಂದು ಬಿಗಿದು ಗಿಡವನ್ನು ನಿಲ್ಲಿಸಿರುತ್ತವೆ. ಆ ಗಂಟು ಬಿಚ್ಚುವ ಸೂಕ್ಷ್ಮಜೀವಿಗಳು ಹಸುವಿನ ಹೊಟ್ಟೆಯಲ್ಲಿವೆ, ಮನುಷ್ಯರಿಗೆ ಆ ಭಾಗ್ಯವಿಲ್ಲ.

“ಸಕ್ಕರೆ ನುಂಗಿ ನುಂಗಿ ಉಪವಾಸ ಸಾಯ್ತಿದಾಳೆ ನಿನ್ನ ಮಗಳು,” ಎಂದಳು ವೆರಾ. “ಆ ಮೊಳೆ ಮೇಲಿರೋದನ್ನ ಇಳಿಸು, ಹಮ್ರೋ.”

“ಅದನ್ನ ತಿಂದ್ರೆ ಇವಳಪ್ಪ ಬರಲ್ಲ ಅಕ್ಕ.”

“ಯಾರು ಎಲ್ಲಿದಾರೆ ಅಂತ ರೊಟ್ಟಿಗೇನು ಗೊತ್ತು?”

ಮಗಳ ಮುಖ ನೋಡಲಾರದೆ ಹಮ್ರೋ ಮಧ್ಯಾಹ್ನ ಬಟ್ಟೆಯ ಗಂಟು ಇಳಿಸಿ ಬಿಚ್ಚಿದಳು. ರೊಟ್ಟಿ ಅರ್ಧವೇ ಉಳಿದಿತ್ತು. ಹಳೆಯ ಕಚ್ಚಿನ ಪಕ್ಕ ಹೊಸದೊಂದು, ಅದರ ಪಕ್ಕ ಮತ್ತೊಂದು, ಎಲ್ಲದರ ನಡುವೆಯೂ ಅದೇ ದಿಣ್ಣೆ. ಜೆಬಿ ಕಚ್ಚಿರಬಹುದೆಂದರೆ ಅವಳ ಮುಂದಿನ ಹಾಲುಹಲ್ಲುಗಳು ಬಿದ್ದು ತಿಂಗಳಾಗಿತ್ತು.

ವೆರಾ ಇಲಿಯ ಕೆಲಸ ಎಂದು ನಕ್ಕು ಅಂಚು ಮುಟ್ಟಿದಳು. ಉಳಿದ ರೊಟ್ಟಿ ಇಟ್ಟಿಗೆಯ ಹಾಗಿತ್ತು, ಅಂಚು ಮಾತ್ರ ಒದ್ದೆ. ಬೆರಳನ್ನು ನಾಲಿಗೆಗೆ ತಾಗಿಸಿ ತಕ್ಷಣ ಉಗಿದಳು.

“ಸಿಹಿ ಇದೆ,” ಎಂದಳು. “ಈಗತಾನೇ ಯಾರೋ ಅಗಿದಿದಾರೆ.” ಲಂಗಕ್ಕೆ ಬೆರಳು ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. ಆಮೇಲೆ ಅವಳ ಬಾಯಿಂದ ಪಾಠ ಹೊರಡಲಿಲ್ಲ.

ಹಮ್ರೋಗೆ ಹೆದರಿಕೆಗಿಂತ ಸಂತೋಷವೇ ಹೆಚ್ಚಾಯಿತು. ಗಂಡ ಬದುಕಿದ್ದಾನೆ. ಎಲ್ಲೋ ಹಿಮದ ಗುಂಡಿಯಲ್ಲಿ ಕೂತು ಈ ರೊಟ್ಟಿಯಿಂದಲೇ ಜೀವ ಹಿಡಿದಿದ್ದಾನೆ. ಅವಳು ರೊಟ್ಟಿಯನ್ನು ಮತ್ತೆ ಮೊಳೆಗೆ ಹಾಕಿದಳು. ಅದು ದಿನಕ್ಕೊಂದು ಕಚ್ಚಿನಷ್ಟು ಸವೆಯಿತು. ಇತ್ತ ಮಗಳೂ ಸವೆಯುತ್ತಿದ್ದಳು. ಒಂದು ರೊಟ್ಟಿ, ಎರಡು ಬಾಯಿ. ಯಾರ ಬಾಯಿಂದ ಕಿತ್ತುಕೊಳ್ಳಬೇಕು ಎಂಬ ಪ್ರಶ್ನೆ ಹಮ್ರೋಳನ್ನು ಹಿಂಡಿಹಾಕಿತು.

ಒಂದು ಬೆಳಿಗ್ಗೆ ಎಷ್ಟು ಕರೆದರೂ ಜೆಬಿ ಕಣ್ಣು ಬಿಡಲಿಲ್ಲ. ಉಸಿರು ಮಾತ್ರ ಇತ್ತು. ಹಮ್ರೋ ಹೋಗಿ ಉಳಿದಿದ್ದ ಅಂಗೈಯಗಲದ ಚೂರನ್ನು ತಂದಳು.

ಚೂರು ಮಗುವಿನ ಬಾಯಿಯವರೆಗೆ ಬರಲಿಲ್ಲ. ಅರ್ಧದಲ್ಲೇ ನಿಂತಿತು. ಆಚೆ ಬದಿಯನ್ನು ಯಾರೋ ಹಿಡಿದಿದ್ದರು, ಹಸಿದವರು ಹಿಡಿಯುವ ಹಾಗೆ, ಹಲ್ಲಿನಿಂದ. ಕಿಟಕಿಯ ತುಂಬ ಹಿಮದ ಬೆಳಕು, ಹಾಸಿಗೆಯ ಆಚೆ ಯಾರೂ ಇಲ್ಲ. ಹಮ್ರೋ ಎರಡೂ ಕೈಯಿಂದ ಎಳೆದಳು. ವೆರಾ ಬಾಗಿಲಿಗೆ ಬೆನ್ನು ಹಚ್ಚಿ ನಿಂತು ನೋಡುತ್ತಿದ್ದಳು, ಹತ್ತಿರ ಬರಲಿಲ್ಲ.

ಮದುವೆಯಾದಾಗಿನಿಂದ ಹಮ್ರೋ ಗಂಡನಿಗೆ ಹೀಗೆ ಮಾಡಿ ಎಂದು ಹೇಳಿದವಳೇ ಅಲ್ಲ.

“ಬಿಡಿ,” ಎಂದಳು. “ಜೆಬಿಗೆ ಇದು. ನಿಮ್ಮ ಮಗಳಿಗೆ.”

ಹಿಡಿತ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಮೆಲ್ಲಗೆ ಸಡಿಲಿತು.

ಒದ್ದೆಯಾಗಿದ್ದ ಅಂಚನ್ನೇ ಅವಳು ಮೊದಲು ಮುರಿದು ಮಗುವಿನ ಬಾಯಿಗಿಟ್ಟಳು. ದವಡೆ ಅಲುಗಿತು. ಎರಡನೆಯ ತುಣುಕಿಗೆ ಜೆಬಿ ಕಣ್ಣು ಬಿಟ್ಟಳು.

“ಸಿಹಿಯಾಗಿದೆ ಅಮ್ಮ. ಇನ್ನೂ ಇದೆಯಾ?”

“ಇದೆ, ತಿನ್ನು,” ಎಂದಳು ಹಮ್ರೋ. ಒಂದು ಕೈಯಿಂದ ತಿನ್ನಿಸುತ್ತಾ ಇನ್ನೊಂದು ಕೈಯಿಂದ, ಗಂಡನಿರುವವರು ಕಟ್ಟುವ ಬಣ್ಣದ ತಲೆವಸ್ತ್ರದ ಗಂಟು ಬಿಚ್ಚಿದಳು.