ಅಧ್ಯಕ್ಷರು ಎಳೆದ ಕೇಬಲ್

ನಮ್ಮ ಟೀ ಫ್ಯಾಕ್ಟರಿಯ ಅಧ್ಯಕ್ಷರಾದ ರಂಗನಾಥನ್ ಅವರಿಗೆ ಎಪ್ಪತ್ತೆರಡು ವರ್ಷ. ಎಳೆದು ನೋಡದೆ ಅವರು ಯಾವುದನ್ನೂ ನಂಬುವವರಲ್ಲ. ಹೊಸ ಬಾಗಿಲು ಕೂಡಿಸಿದರೆ ಚಿಲಕ ಎಳೆಯುತ್ತಾರೆ. ಹೊಸ ಡ್ರೈವರ್ ಬಂದರೆ ಅವನ ಮೀಸೆ ಎಳೆಯುವುದೊಂದು ಬಾಕಿ. ಇಂಥವರ ಕೈಗೆ ನನ್ನ ಸರ್ವರಿನ ಕೇಬಲ್ ಸಿಕ್ಕಿತು.

ನಾನು ಸಿಂಧುಜಾ. ಬೆಟ್ಟದ ಮೇಲಿನ ಕುಂದಾ ಕಡೆಯ ಸಣ್ಣ ಬೆಳೆಗಾರರು ಕೂಡಿ ನಡೆಸುವ ಈ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಎಂಬ ಹೆಸರಿನದೆಲ್ಲ ನನ್ನ ತಲೆಗೇ. ಸರ್ವರ್ ಒಂದೇ ಪೆಟ್ಟಿಗೆ. ಅದರೊಳಗೆ, ಒಂದು ಮನೆಯಲ್ಲಿ ಎರಡು ಬಾಡಿಗೆ ಸಂಸಾರ ಇದ್ದ ಹಾಗೆ, ಎರಡು ವರ್ಚುವಲ್ ಸರ್ವರುಗಳಿವೆ. ಒಂದು ಎಲೆ ತೂಕದ್ದು, ಇನ್ನೊಂದು ಆಫೀಸಿನದು. ಬೆಳೆಗಾರ ಮೂಟೆಯನ್ನು ತಕ್ಕಡಿಗೆ ಇಟ್ಟರೆ ತೂಕ ಕೇಬಲ್ ಹಿಡಿದು ಈ ಪೆಟ್ಟಿಗೆಗೆ ಬರಬೇಕು. ಬರದಿದ್ದರೆ ಸಾಲು ನಿಲ್ಲುತ್ತದೆ, ಮೂಟೆಯೊಳಗೆ ಎಲೆ ಬಿಸಿಯಾಗಿ ಕೆಂಪಾಗುತ್ತದೆ. ನಿಂತವರ ಮುಖವೂ ಕೆಂಪಾಗುತ್ತದೆ.

ಅದಕ್ಕೇ ಪೆಟ್ಟಿಗೆಗೆ ಎರಡು ಕೇಬಲ್. ಎರಡನ್ನೂ ಜೊತೆಗೂಡಿಸಿ ಒಂದೇ ದಾರಿ ಮಾಡಿದ್ದೆ. ಒಂದು ಹೋದರೆ ಇನ್ನೊಂದು ಹೊರೆ ಹೊರುತ್ತದೆ. ಕೊಯಮತ್ತೂರಿನ ಕಂಟ್ರಾಕ್ಟರ್ ಸೆಲ್ವಕುಮಾರನಿಗೆ ಇದು ಸಾಲಲಿಲ್ಲ. ಒಳಗಿನ ವರ್ಚುವಲ್ ಸರ್ವರಿಗೂ ಎರಡು ನೆಟ್‌ವರ್ಕ್ ಕಾರ್ಡು ಕೊಟ್ಟು ಅಲ್ಲೂ ಒಂದು ಜೋಡಿ ಕಟ್ಟಿದ. ಕಾವಲಿಗೊಂದು ಕಾವಲು ಇದ್ದರೆ ಒಳ್ಳೆಯದೇ ಅಲ್ಲವೇ ಎಂದ. ಹೋದ ತಿಂಗಳು ಒಂದು ಕೋತಿ ಕಿಟಕಿಯಿಂದ ನುಗ್ಗಿ ಒಂದು ಕೇಬಲ್ ಕಿತ್ತಿತು. ಪೆಟ್ಟಿಗೆ ತನ್ನ ಪಾಡಿಗೆ ಉಳಿದ ಕೇಬಲಿಗೆ ಸರಿಯಿತು. ಒಳಗಿನ ಸರ್ವರೂ ತನ್ನ ಬುದ್ಧಿ ಓಡಿಸಿ ಸರಿಯಿತು. ಕಾಲುದಾರಿಯಲ್ಲಿ ಎದುರಾದ ಇಬ್ಬರು ದಾರಿ ಬಿಡಲು ಹೋಗಿ ಮತ್ತೆ ಮತ್ತೆ ಒಂದೇ ಬದಿಗೆ ಸರಿಯುತ್ತಾರಲ್ಲ, ಹಾಗೆ ಇಪ್ಪತ್ತು ನಿಮಿಷ ನಡೆಯಿತು. ಅಷ್ಟು ಹೊತ್ತೂ ತೂಕ ನಿಂತಿತ್ತು.

ಸೆಲ್ವಕುಮಾರ್ ತಪ್ಪನ್ನು ಕೋತಿಗೆ ಅರ್ಧ, ನನಗೆ ಅರ್ಧ ಹಂಚಿದ. ಪೆಟ್ಟಿಗೆಯನ್ನು ಕೊಯಮತ್ತೂರಿನ ತನ್ನ ಆಫೀಸಿಗೆ ಇಳಿಸಿಬಿಡಿ, ಆಮೇಲೆ ಇಲ್ಲಿ ಅದಕ್ಕೆಂದು ಯಾರೂ ಬೇಡ ಎಂದ. ಆ ಬೇಡವಾದವಳು ನಾನೇ.

ಅಧ್ಯಕ್ಷರು ತೀರ್ಪು ಕೊಟ್ಟರು. "ಒಂದು ಎಮ್ಮೆಗ ಎರಡು ಹಗ್ಗ ಆರಾದರೂ ಕಟ್ಟುವರಾ? ಸರಿ, ನೀ ಕಟ್ಟಿಬಿಟ್ಟೆ. ವಿಜಯದಶಮಿ ದಿನ ಎಲೆ ಬರುವ ಹೊತ್ತಿಗ ಒಂದು ವಯರು ನಾನೇ ಎಳೆವೆ. ತೂಕ ನಿಂತರೆ ಪೆಟ್ಟಿ ಕೆಳಗ ಹೋಗಲಿ. ನೀನೂ ಬೇರೆ ಗೆಲಸ ನೋಡು, ಸಿಂಧು."

ನನಗೆ ಮೈಯೆಲ್ಲ ಉರಿಯಿತು. ನಮ್ಮೂರ ಹಟ್ಟಿಯಿಂದ ನಡೆದೇ ಬರುವಷ್ಟು ಹತ್ತಿರದಲ್ಲಿ, ನನ್ನ ಬುದ್ಧಿಗೆ ತಕ್ಕ ಕೆಲಸ ಇದೊಂದೇ. ಇದು ನನಗೆ ಬೇಕಿತ್ತು. ಮರುದಿನವೇ ಸೆಲ್ವಕುಮಾರ್ ಕಟ್ಟಿದ ಒಳಜೋಡಿಯನ್ನು ತೆಗೆದುಹಾಕಿದೆ. ಆಮೇಲೆ ಯಾರಿಗೂ ಹೇಳದೆ ಇನ್ನೊಂದು ಕೆಲಸ ಮಾಡಿದೆ. ಎರಡೂ ಕೇಬಲ್ ಹೋಗುತ್ತಿದ್ದುದು ಒಂದೇ ಸ್ವಿಚ್ಚಿಗೆ, ಅಂದರೆ ಕೇಬಲುಗಳೆಲ್ಲ ಕೂಡುವ ಡಬ್ಬಿಗೆ; ಅದು ಕೆಟ್ಟರೆ ಎರಡೂ ಹೋದಂತೆ. ಹಳೆಯ ಕೇಬಲ್ ಒಂದನ್ನು ಹುಡುಕಿ, ಪೆಟ್ಟಿಗೆಯ ಹಿಂದಿನಿಂದ ಫೈಲ್ ಬೀರುವಿನ ಬೆನ್ನಿಗೆ ಹಾಯಿಸಿ, ಪಕ್ಕದ ಕೋಣೆಯ ಬೇರೆ ಸ್ವಿಚ್ಚಿಗೆ ಕೊಟ್ಟೆ. ಅಲ್ಲಿಂದಲೂ ತಕ್ಕಡಿಗೆ ದಾರಿಯಿದೆ. ಜೋಡಿ ದುಡಿಯಲಿ, ಈ ಮೂರನೆಯದು ಸುಮ್ಮನೆ ಕೂತಿರಲಿ, ಜೋಡಿ ಪೂರಾ ಸತ್ತರೆ ಮಾತ್ರ ಏಳಲಿ ಎಂದು ಹೊಂದಿಸಿದೆ. ಜೋಡಿಯಲ್ಲಿ ಒಂದೊಂದನ್ನೇ ಕಿತ್ತು ಹನ್ನೆರಡು ಸಲ ನೋಡಿದೆ, ತೂಕ ಕದಲಲಿಲ್ಲ. ಎರಡನ್ನೂ ಒಟ್ಟಿಗೆ ಕೀಳುವ ಧೈರ್ಯ ಮಾತ್ರ ಬರಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಸರ್ವರ್ ಕೋಣೆಯ ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟೆ. ಹಿಂದಿನ ದಿನ ಆಯುಧಪೂಜೆ. ಪಾಪಾತಿ ಮಾಮಿ ಪೆಟ್ಟಿಗೆಗೆ ಗಂಧ, ಕುಂಕುಮ ಎಲ್ಲ ಹಚ್ಚಿದ್ದಳು. ಮಾಮಿ ನಮ್ಮಲ್ಲಿ ಕಸ ಗುಡಿಸಿ, ಟೀ ಕಾಯಿಸಿ, ಎಲ್ಲರನ್ನೂ ಬೈದು ಸರಿಯಿಡುವವಳು. ಎರಡು ಕೇಬಲ್ ಒಂದೊಂದು ಕಡೆ ನೇತಾಡುವುದು ಅವಳಿಗೆ ಲಕ್ಷಣವಾಗಿ ಕಂಡಿಲ್ಲ. ಅರಿಶಿನದ ದಾರ ತಂದು, ಸಿಕ್ಕಿಸುವ ಬುಡದಲ್ಲೇ ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತಿ, ಚೆಂಡುಹೂವು ಮುಡಿಸಿದ್ದಾಳೆ. ಕೇಬಲ್ ಜಾರದಂತೆ ಹಿಡಿಯುವ ಪ್ಲಾಸ್ಟಿಕ್ ನಾಲಿಗೆಗಳು ದಾರದ ಬಿಗಿತಕ್ಕೆ ಒತ್ತಿಕೊಂಡು ಹಿಡಿತ ಬಿಟ್ಟಿವೆ. ಒಂದನ್ನು ಎಳೆದರೆ ಎರಡೂ ಬರುತ್ತವೆ.

ಬಿಚ್ಚಲು ಕೈ ಹಾಕಿದೆ.

"ಮುಟ್ಟಬೇಡ," ಎಂದಳು ಮಾಮಿ ಹಿಂದಿನಿಂದ. "ಮರುಪೂಜೆ ಇನ್ನೂ ಆಗಿಲ್ಲೆ. ಕರ್ಪೂರ ಹಚ್ಚದೆ ಪೂಜೆ ದಾರ ಬಿಚ್ಚುವರಾ?"

ಕರ್ಪೂರ ಹಚ್ಚಬೇಕಾದವರು ಅಧ್ಯಕ್ಷರು. ಅವರು ಬಂದಾಗ ಹತ್ತು ಗಂಟೆ, ಜೊತೆಯಲ್ಲಿ ಸೆಲ್ವಕುಮಾರ್. ಹೊರಗೆ ಎಲೆ ಮೂಟೆಗಳ ಸಾಲು ಗೇಟಿನವರೆಗೆ ಬೆಳೆದಿತ್ತು.

"ಮೊದಲು ಕರ್ಪೂರ ಹಚ್ಚಿ, ಮಾಮ. ದಾರ ಬಿಚ್ಚಿ ಆಮೇಲೆ ಎಳೆಯಿರಿ," ಎಂದೆ.

ಅಧ್ಯಕ್ಷರ ಕಣ್ಣು ಕಿರಿದಾಯಿತು. ನಾನು ತಡಮಾಡಿಸುತ್ತಿದ್ದೇನೆ ಎಂದರೆ ಒಳಗೆ ಏನೋ ಹುಳುಕು ಇದೆ ಎಂದು ಅವರ ಲೆಕ್ಕ. "ಬಿಚ್ಚಬಾರದು ತಾನೇ? ಎಳೆಯಬಾರದು ಎಂದು ಶಾಸ್ತ್ರ ಇಲ್ಲೆ," ಎಂದವರೇ ಎಳೆದುಬಿಟ್ಟರು.

ಎರಡೂ ಬಂದವು, ಹೂವಿನ ಸಮೇತ.

ಎಲ್ಲರೂ ತೂಕದ ಪರದೆ ನೋಡಿದೆವು. ಅಂಕಿ ನಿಂತಿತ್ತು. ಸೆಲ್ವಕುಮಾರ್ ಗಂಟಲು ಸರಿಮಾಡಿಕೊಂಡ. ನಾಳೆಯಿಂದ ಬೆಳಿಗ್ಗೆ ಎಲ್ಲಿಗೆ ಹೋಗಲಿ ಎಂದು ನನಗೆ ಭಯವಾಯಿತು. ಮೂರು ಎಣಿಸಿದೆ. ನಾಲ್ಕಕ್ಕೆ ಅಂಕಿ ಬದಲಾಯಿತು, ಮೂವತ್ತೊಂದು ಕಿಲೋ. ಆಮೇಲೆ ಇಪ್ಪತ್ತೆಂಟು. ಹೊರಗೆ ತಕ್ಕಡಿಯ ಹತ್ತಿರ ಯಾರೂ ತಲೆಯೆತ್ತಿ ಕೂಡ ನೋಡಲಿಲ್ಲ.

ಅಧ್ಯಕ್ಷರು ಕೈಯಲ್ಲಿದ್ದ ಕೇಬಲ್ ನೋಡಿದರು, ಪರದೆ ನೋಡಿದರು. ಇನ್ನು ಶಭಾಷ್ ಎನ್ನುತ್ತಾರೆ ಎಂದುಕೊಂಡೆ.

"ವಯರೇ ಇಲ್ಲದೆ ನಡೀತದೆ," ಎಂದರು. "ಹಾಗಾದರೆ ಈ ವಯರೂ ಬೇಡ, ಇದ ನೋಡಿಕೊಳ್ಳುವ ನೀನೂ ಬೇಡ."

ಸೆಲ್ವಕುಮಾರ್ ನಗು ತಡೆಯಲು ಗೋಡೆಯ ಕಡೆ ತಿರುಗಿದ. ನನಗೆ ಗುಟ್ಟು ಬಿಟ್ಟುಕೊಡದೆ ಗತ್ಯಂತರವಿರಲಿಲ್ಲ. ಬೀರುವನ್ನು ನೂಕಿ ಮೂರನೇ ಕೇಬಲ್ ತೋರಿಸಿದೆ. ಧೂಳು ಹಿಡಿದ ಆ ಕೇಬಲಿನ ಮೇಲೆ ಕುಂಕುಮದ ಹೊಸ ಬೊಟ್ಟು ಇತ್ತು. ಇಟ್ಟವಳು ನಾನಲ್ಲ. ಮಾಮಿಯ ಮುಖ ನೋಡಿದೆ.

"ಎರಡಕ್ಕ ಇಟ್ಟು ಇದೊಂದ ಬಿಡುವುದಾ?" ಎಂದಳು ಮಾಮಿ. "ನೀ ಬೀರು ಹಿಂದೆ ಒಳಿಸಿ ಇಟ್ಟೆ, ನಾ ಬಾಯಿ ಬಿಡಲಿಲ್ಲೆ."

ಅಧ್ಯಕ್ಷರು ಬಗ್ಗಿ ನೋಡಿದರು. "ಮೂರು ಹಗ್ಗ. ಎನಗ ಏಕೆ ಹೇಳಲಿಲ್ಲೆ?"

"ಹೇಳಿದ್ದರೆ ಅದನ್ನೂ ಎಳೆಯುತ್ತಿದ್ದಿರಿ, ಮಾಮ."

ಅವರು ಸೊಂಟ ಹಿಡಿದು ನೆಟ್ಟಗಾದರು. ಆಮೇಲೆ ಹೂವು ಕಟ್ಟಿದ ಜೋಡಿಯನ್ನು ಸೆಲ್ವಕುಮಾರನ ಕೈಗೆ ಕೊಟ್ಟು, "ಪೆಟ್ಟಿ ಇಲ್ಲೇ ಇರಲಿ. ಸಿಂಧುವೂ ಇರಲಿ. ನೀ ಇದ ಸಿಕ್ಕಿಸಿಟ್ಟು ಕೆಳಗ ಹೋಗು," ಎಂದರು.

ನನಗೆ ಕಣ್ಣು ತುಂಬಿ ಬಂತು. ನಮ್ಮಲ್ಲಿ ಹಿರಿಯರ ಮುಂದೆ ತಲೆ ಬಾಗಿಸಿದರೆ ಅವರು ನೆತ್ತಿ ಮುಟ್ಟಿ ಹರಸುತ್ತಾರೆ. ಬಾಗಿದೆ. ಅಧ್ಯಕ್ಷರ ಬಲಗೈ ನೆತ್ತಿಯ ಮೇಲೆ ಕೂತಿತು. ಆಯುಸ್ಸು, ಮನೆ, ಮಕ್ಕಳು, ಹಾಲು ಕೊಡುವ ಎಮ್ಮೆ ಎಲ್ಲವನ್ನೂ ಧಾರಾಳವಾಗಿ ಹರಸುತ್ತಾ ಹೋದರು. ಹರಕೆ ಯಾಕೋ ಮುಗಿಯಲೇ ಇಲ್ಲ. ಬಾಗಿದಲ್ಲಿಂದಲೇ ಕಣ್ಣು ಹೊರಳಿಸಿದೆ. ಅವರ ಎಡಗೈ ಬೀರುವಿನ ಹಿಂದಕ್ಕೆ ಹೋಗಿ ಕುಂಕುಮದ ಬೊಟ್ಟನ್ನು ಹುಡುಕುತ್ತಿತ್ತು. ಜೋಡಿ ಕೇಬಲ್ ಇನ್ನೂ ಸೆಲ್ವಕುಮಾರನ ಕೈಯಲ್ಲೇ ಇತ್ತು.