ಟೆರೇಸಿನ ಮೂರು ಸಂಸಾರ

ಏಳನೆಯ ಅಂಗಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಅವಳು ಮಂಚದ ಮೇಲೆ ಎಸೆದಳು. ಅದರಲ್ಲೂ ಕಲೆ. ಗಂಡ ಸಾಕಿದ ಜೇನುಹುಳುಗಳು ತಮ್ಮ ಪೆಟ್ಟಿಗೆಯ ಸಂದಿಗೊಂದಿ ಮುಚ್ಚಲೆಂದು ಮರಗಳಿಂದ ತರುವ ಕಂದು ಅಂಟಿನ ಕಲೆ, ಯಾವ ಸೋಪಿಗೂ ಜಗ್ಗದ್ದು. ಗಂಡನನ್ನು ಕೊನೆಯ ಸಲ ಮನೆಯಿಂದ ಕಳಿಸಿಕೊಡೋಣವೆಂದರೆ ಚೊಕ್ಕದೊಂದು ಅಂಗಿಗೂ ಗತಿಯಿಲ್ಲ.

"ಅಮ್ಮಾ, ಯಾವುದಾದ್ರೂ ಒಂದು ಕೊಡು. ಮೇಲೆ ಶಾಲು ಹೊದಿಸ್ತೀವಲ್ಲ." ಮಗಳು ಬಾಗಿಲಲ್ಲಿ ನಿಂತಿದ್ದಳು. "ಹನ್ನೆರಡಕ್ಕೆ ವ್ಯಾನ್ ಬರತ್ತೆ. ಸ್ಮಶಾನದಲ್ಲಿ ನಮಗೆ ಕೊಟ್ಟಿರೋ ಟೈಮು ಹನ್ನೆರಡೂವರೆ. ತಪ್ಪಿದ್ರೆ ನಾಳೆ ಅಂತೆ."

"ಇಪ್ಪತ್ತೆರಡು ವರ್ಷ ಒಗೆದಿದೀನಿ ಕಣೇ ಇವನ್ನ. ಇವತ್ತೊಂದಿನ ಮರ್ಯಾದೆಯಾಗಿ ಹೋಗ್ಲಿ ಅಂದ್ರೆ ಅದೂ ಇಲ್ಲ."

ಕೊನೆಗೆ ಮೊದಲು ನೋಡಿದ ನೀಲಿ ಅಂಗಿಯನ್ನೇ ಕೊಟ್ಟು ಮಂಚದ ಅಂಚಿನಲ್ಲಿ ಕೂತಳು. ಗಂಡ ಹಾಸಿಗೆ ಹಿಡಿದು ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಅವಳು ಒಂದು ದಿನವೂ ನೆಟ್ಟಗೆ ನಿದ್ದೆ ಮಾಡಿದವಳಲ್ಲ. ಈಗ ಮೈಯೆಲ್ಲ ಹಿಂಡಿ ಹಾಕಿದ ಬಟ್ಟೆಯ ಹಾಗಾಗಿತ್ತು. ಮುಂದಿನ ಕೋಣೆಯಲ್ಲಿ, ರಿಪೇರಿಗೆ ಬಂದು ಹಾಗೇ ಉಳಿದ ಐದು ಹೊಲಿಗೆಯಂತ್ರಗಳನ್ನು ಗೋಡೆಗೆ ಸರಿಸಿ ಅವನನ್ನು ಮಲಗಿಸಿದ್ದರು. ಯಾರೋ ಕುರ್ಚಿ ಎಳೆಯುವ ಸದ್ದು, ಯಾರದೋ ಕೆಮ್ಮು, ಚಪ್ಪಲಿ ಬಿಡುವ ಸದ್ದು.

ಮೈದುನ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. ಅಣ್ಣನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಯಾರ ಮನೆಯಲ್ಲಿ ಏನೇ ಆದರೂ ಓಡಾಟದ ಕೆಲಸಕ್ಕೆ ಮುಂದೆ ನಿಲ್ಲುವವನು.

"ಅತ್ತಿಗೆ, ಮೇಲೆ ಟೆರೇಸಿಂದು ನೀವೇನೂ ತಲೆ ಕೆಡಿಸ್ಕೋಬೇಡಿ. ಮೂರೂ ಪೆಟ್ಟಿಗೆ ಬಾಗಿಲಿಗೆ ಬಟ್ಟೆ ತುರುಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಹಗ್ಗ ಕಟ್ಟಿದೀನಿ. ಒಂದು ಹುಳಾನೂ ಆಚೆ ಬರಲ್ಲ. ಬಂದೋರಿಗೆ ಕಚ್ಚಿದ್ರೆ ಇನ್ನೊಂದು ರಾಮಾಯಣ."

"ಸರಿ," ಎಂದಳು. ಆಗ ಒಂಬತ್ತು ಗಂಟೆ. ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

* * *

ಈ ಜೇನಿನ ಸಹವಾಸ ಶುರುವಾದದ್ದು ಇಪ್ಪತ್ತೆರಡು ವರ್ಷದ ಹಿಂದೆ, ಒಂದು ಭಾನುವಾರ. ನೀರಿನ ಟ್ಯಾಂಕಿನ ಕೊಳವೆಗೆ ಒಂದು ಹಿಂಡು ಜೇನು ಬಂದು ಜೋತುಬಿದ್ದಿತ್ತು. ಹೊಗೆ ಹಾಕುವವರನ್ನು ಕರೆತರಲು ಮನೆಯ ಮಾಲೀಕರು ಹೋದರು. ಅವರು ಬರುವಷ್ಟರಲ್ಲಿ ಅವಳ ಗಂಡ ಇಡೀ ಹಿಂಡನ್ನು ದಿಂಬಿನ ಚೀಲಕ್ಕೆ ಇಳಿಸಿ, ಹಳೆಯ ಹೊಲಿಗೆಯಂತ್ರದ ಮರದ ಮುಚ್ಚಳದೊಳಗೆ ಕೂರಿಸಿಬಿಟ್ಟಿದ್ದ. ಒಂದು ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು.

"ಕಚ್ಚಿಸ್ಕೊಂಡ್ರಾ?"

"ಕಚ್ಚಿದವು. ಪಾಪ, ಅವಕ್ಕೆ ನನ್ನ ಪರಿಚಯ ಇಲ್ವಲ್ಲ."

ಪರಿಚಯ ಬೆಳೆಯಿತು. ಒಂದು ಹೋಗಿ ಮೂರಾಯಿತು. ನಿಜವಾದ ಪೆಟ್ಟಿಗೆಗಳು ಬಂದವು. ಒಂದಕ್ಕೆ ಸಾಧು ಎಂದು ಹೆಸರಿಟ್ಟ, ಇನ್ನೊಂದಕ್ಕೆ ಸೋಮಾರಿ. ಮುಟ್ಟಿದರೆ ಮೈಮೇಲೆ ಬೀಳುತ್ತಿದ್ದ, ಆದರೆ ಎಲ್ಲಕ್ಕಿಂತ ಹೆಚ್ಚು ದುಡಿಯುತ್ತಿದ್ದ ಮೂರನೆಯದು ಜೋರು. "ನಮ್ಮ ಮನೇಲೂ ಒಬ್ಬರು ಜೋರಿನವರಿದಾರೆ, ಅವರದ್ದೂ ಇದೇ ಸ್ವಭಾವ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಜೋರಿನವಳು ಒಳಗಿನಿಂದಲೇ ಪಾತ್ರೆ ಕುಕ್ಕುತ್ತಿದ್ದಳು.

ದಿನವಿಡೀ ಎಣ್ಣೆ, ಸೂಜಿ, ಸ್ಕ್ರೂಗಳ ನಡುವೆ ಬಗ್ಗಿದ್ದ ಬೆನ್ನು ಸಂಜೆ ಟೆರೇಸಿಗೆ ಹೋದರೆ ನೆಟ್ಟಗಾಗುತ್ತಿತ್ತು. ಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿ ಕೂತು, ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಇಳಿಯುವ ಹುಳುಗಳನ್ನು ಸುಮ್ಮನೆ ನೋಡುವುದು. ಅಷ್ಟೇ. ಅದರಲ್ಲಿ ಏನು ಸುಖವೋ ಅವಳಿಗೆ ತಿಳಿಯುತ್ತಿರಲಿಲ್ಲ. ವರ್ಷಕ್ಕೆರಡು ಸಲ ಜೇನು ತೆಗೆಯುವ ದಿನ ಮಾತ್ರ ತಿಳಿಯುತ್ತಿತ್ತು. ಹಳೆಯ ವಾಷಿಂಗ್ ಮೆಷಿನ್ನಿನ ಡ್ರಮ್ಮಿಗೆ ಹೊಲಿಗೆಯಂತ್ರದ ಚಕ್ರ ಜೋಡಿಸಿ ಅವನೇ ಮಾಡಿದ ಯಂತ್ರದಲ್ಲಿ ಜೇನುರೊಟ್ಟಿ ಇಟ್ಟು ಕಾಲಲ್ಲಿ ತುಳಿದು ತಿರುಗಿಸಿದರೆ ಜೇನು ಧಾರೆಯಾಗಿ ಇಳಿಯುತ್ತಿತ್ತು. ಕೆಳಮನೆಯ ಟೀಚರ್ ತಾನು ಒಗೆದ ಬಟ್ಟೆಯ ಮೇಲೆ ಜೇನುಹುಳುಗಳು ಹಳದಿ ಚುಕ್ಕೆ ಇಡುತ್ತವೆಂದು ವರ್ಷವಿಡೀ ಜಗಳ ಕಾಯುತ್ತಿದ್ದಳು, ಆ ದಿನ ಮಾತ್ರ ಡಬ್ಬಿ ಹಿಡಿದು ಮೊದಲು ಹತ್ತಿ ಬರುತ್ತಿದ್ದಳು. ಮೆಟ್ಟಿಲ ತುಂಬ ಜನ, ಬೆರಳು ನೆಕ್ಕುವ ಸದ್ದು, ನಗು.

ಉಳಿದ ಮೇಣವನ್ನು ಅವಳ ಅಡುಗೆಯ ಪಾತ್ರೆಯಲ್ಲೇ ಕರಗಿಸುತ್ತಿದ್ದ. ನೂಲು ಉಜ್ಜಿಕೊಳ್ಳಲೆಂದು ಟೈಲರುಗಳಿಗೆ ಒಂದಿಷ್ಟು ಬಿಲ್ಲೆ ಹೊಯ್ದು, ಉಳಿದದ್ದಕ್ಕೆ ಎಣ್ಣೆ ಬೆರೆಸಿ ಮುಲಾಮು ಮಾಡುತ್ತಿದ್ದ. ಚಳಿಗಾಲದಲ್ಲಿ ಅವಳ ಬಿರಿದ ಹಿಮ್ಮಡಿಗೆ ಅವನೇ ಹಚ್ಚುತ್ತಿದ್ದ.

"ಇನ್ನೊಂದು ಪಾತ್ರೆ ಹಾಳು ಮಾಡಿದ್ರಿ."

"ಪಾತ್ರೆ ಸಿಗತ್ತೆ ಬಿಡು. ಕಾಲು ಇರೋದೇ ಎರಡು."

* * *

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ವ್ಯಾನ್ ಬೀದಿಯ ತುದಿಗೆ ಬಂದಿದೆಯೆಂದು ಫೋನು ಬಂತು. ಹಳೇ ಬಸ್‌ಸ್ಟಾಪಿನ ಟೈಲರ್ ಈಗಷ್ಟೇ ಬಂದು ಗೆಳೆಯನ ಕಾಲ ಬಳಿ ಕೂತಿದ್ದ. ಎದ್ದು ಅವಳ ಹತ್ತಿರ ಬಂದ.

"ಅಮ್ಮಾ, ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ನಲವತ್ತು ವರ್ಷ ನನ್ನ ಮೆಷಿನ್ ಓಡಿದ್ದು ಇವರ ಕೈಯಿಂದ." ಕಣ್ಣೊರೆಸಿಕೊಂಡು, ಸುಮ್ಮನಿರಲಾಗದವನ ಹಾಗೆ ಕೇಳಿದ. "ಮೇಲೆ ಹುಳಗಳು ಚೆನ್ನಾಗಿದಾವಾ? ಏನು ಬಿಸಿಲು ಇವತ್ತು, ಅಬ್ಬಬ್ಬಾ. ರಸ್ತೇಲಿ ಡಾಂಬರು ಚಪ್ಪಲಿಗೆ ಅಂಟ್ಕೊಳ್ತಾ ಇದೆ."

ಆಗ ಮೈದುನನ ಬೆಳಗಿನ ಮಾತು ಅವಳ ತಲೆಗೆ ಹೋಯಿತು.

ಬಾಗಿಲು ಮುಚ್ಚುವುದಿದ್ದರೆ ಕತ್ತಲಾಗಿ ಎಲ್ಲ ಹುಳುಗಳೂ ಮನೆ ಸೇರಿದ ಮೇಲೆ. ಅದೂ ಬಟ್ಟೆಯಿಂದಲ್ಲ, ಜಾಲರಿಯಿಂದ. ಒಳಗೆ ಸಾವಿರಾರು ಜೀವದ ಮೈಬಿಸಿ ಇರುತ್ತದೆ, ಬಾಗಿಲಲ್ಲಿ ರೆಕ್ಕೆ ಬೀಸಿ ಬೀಸಿಯೇ ಅವು ತಂಪು ಮಾಡಿಕೊಳ್ಳಬೇಕು. ಗಾಳಿಯಾಡದಿದ್ದರೆ ಗೂಡಿನ ಮೇಣವೇ ಕರಗಿ ಎಲ್ಲ ಒಳಗೇ ಬೇಯುತ್ತವೆ. ಗಂಡ ಇದನ್ನೆಲ್ಲ ಊಟದ ತಟ್ಟೆಯ ಮುಂದೆ ಕೂತು ಹೇಳಿ ಹೇಳಿ ಅವಳ ತಲೆ ಚಿಟ್ಟು ಹಿಡಿಸಿದ್ದ. ಬಾಗಿಲು ಮುಚ್ಚಿ ಆಗಲೇ ಮೂರು ಗಂಟೆ ಹೊತ್ತಾಗಿತ್ತು.

"ಅಯ್ಯೋ ಪುಣ್ಯಾತ್ಮ," ಅವಳು ಮೈದುನನ ತೋಳು ಹಿಡಿದಳು. "ಹೋಗಿ ಬಿಚ್ಚು. ಈಗಲೇ."

"ಈಗಾ? ಅವು ರೊಚ್ಚಿಗೆದ್ದಿರ್ತವೆ ಅತ್ತಿಗೆ. ನನಗೆ ಒಂದು ಕಚ್ಚಿದ್ರೂ ಉಸಿರು ಕಟ್ಟತ್ತೆ, ಗೊತ್ತಲ್ಲ ನಿಮಗೆ. ಬೆಳಿಗ್ಗೆ ಜೀವ ಕೈಯಲ್ಲಿ ಹಿಡ್ಕೊಂಡು ಮುಚ್ಚಿದೀನಿ. ಹೋಗಿ ಬಂದ್ಮೇಲೆ ಯಾರನ್ನಾದ್ರೂ ಕರೆಸೋಣ."

ಹೋಗಿ ಬರುವುದೆಂದರೆ ಇನ್ನೂ ಮೂರು ಗಂಟೆ ಹೊತ್ತು. ಅವಳು ಟೈಲರ್ ಕಡೆ ನೋಡಿದಳು. ಎಪ್ಪತ್ತೆಂಟರ ಮುದುಕ, ಕೈಯಲ್ಲಿ ಕೋಲು. ಕೆಳಗೆ ವ್ಯಾನಿನ ಬಾಗಿಲು ತೆರೆದ ಸದ್ದು. ನಾಲ್ಕು ಜನ ಅವನನ್ನು ಎತ್ತಲು ಬಗ್ಗಿದರು.

* * *

ಹಾಸಿಗೆ ಹಿಡಿದ ಮೇಲೆ ಅವನು ಮೆಟ್ಟಿಲು ಹತ್ತಲಿಲ್ಲ. ದಿನಾ ಹತ್ತು ಗಂಟೆಗೆ ಅವಳನ್ನು ಕಳಿಸುತ್ತಿದ್ದ.

"ಸುಮ್ನೆ ನೋಡ್ಕೊಂಡು ಬಾ. ಮುಟ್ಬೇಡ. ಏನು ತರ್ತಿದಾವೆ ಅಂತ ಹೇಳು, ಸಾಕು."

ಮೊದಮೊದಲು ಹೋದಳು. ಬರಬರುತ್ತ ಮಂಡಿ ಕೇಳಲಿಲ್ಲ. ಮೇಲಿನ ಮೆಟ್ಟಿಲ ತಿರುವಿನಲ್ಲಿ ಹತ್ತು ನಿಮಿಷ ಗೋಡೆಗೊರಗಿ ಕೂರುವಳು. ಅವಳಿಗೆ ದಿನದಲ್ಲಿ ಸಿಗುತ್ತಿದ್ದ ಬಿಡುವೆಂದರೆ ಅಷ್ಟೇ. ಇಳಿದು ಬಂದು, "ಹಳದಿ ತರ್ತಿದಾವೆ. ಮೂರೂ ಚೆನ್ನಾಗಿದಾವೆ. ಜೋರಿನವು ಗಲಾಟೆ ಮಾಡ್ತಿದಾವೆ," ಎಂದು ಒಪ್ಪಿಸುವಳು. ಅವನ ಮುಖ ಅರಳುತ್ತಿತ್ತು. ಇನ್ನೊಂದು ಸಲ ಹೇಳಿಸಿಕೊಳ್ಳುತ್ತಿದ್ದ.

ಒಂದು ದಿನ ಹಾಗೇ ಒಪ್ಪಿಸಿ ಔಷಧಿ ಅಳೆಯುತ್ತಿದ್ದಾಗ ಅವನು ಮೆಲ್ಲಗೆ ಕೇಳಿದ.

"ಎಷ್ಟು ಹೊತ್ತಿಂದ ಮಳೆ ಬರ್ತಿದೆ?"

ಅವಳು ಕಿಟಕಿ ನೋಡಿದಳು. ಧೋ ಎಂದು ಸುರಿಯುತ್ತಿತ್ತು. ಮಳೆಯಲ್ಲಿ ಜೇನು ಹಾರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

"ಅರ್ಧ ಗಂಟೆಯಿಂದ."

"ಪಾಪ, ಕೊಡೆ ಹಿಡ್ಕೊಂಡು ತಂದಿರ್ತವೆ ಬಿಡು," ಎಂದು ನಗುವುದಕ್ಕೆ ಹೋಗಿ ಅವನಿಗೆ ಕೆಮ್ಮು ಹತ್ತಿಕೊಂಡಿತು. ಬೆನ್ನು ಸವರುತ್ತ ಅವಳೂ ನಕ್ಕಳು. ಮರುದಿನ ಹತ್ತು ಗಂಟೆಗೆ ಮತ್ತೆ ಕಳಿಸಿದ. ಅವಳು ಮತ್ತೆ ತಿರುವಿನಲ್ಲೇ ಕೂತಳು. ಅವನು ಮತ್ತೆ ಎಲ್ಲವನ್ನೂ ಕೇಳಿಸಿಕೊಂಡ.

* * *

"ಅಮ್ಮಾ, ಎಲ್ಲಿ ಹೋಗ್ತಿದೀಯ? ಎತ್ತಿ ಆಯ್ತು!"

ಅವಳು ಮೂರನೆಯ ಮೆಟ್ಟಿಲಲ್ಲಿದ್ದಳು. "ನೀನು ಹೋಗು. ಎಲ್ಲ ನೀನೇ ಮಾಡು."

"ಹುಚ್ಚಾ ನಿಂಗೆ? ಹುಳಕ್ಕೋಸ್ಕರ ಅಪ್ಪನ್ನ ಬಿಟ್ಟು… ಜನ ಏನಂತಾರೆ?"

"ಏನಾದ್ರೂ ಅನ್ಲಿ. ಅಪ್ಪನ ಜೊತೆ ನೀನಿದೀಯ, ಇಷ್ಟು ಜನ ಇದಾರೆ. ಮೇಲೆ ಯಾರಿದಾರೆ ಹೇಳು?"

ಅವಳು ಕೆಳಗಿಳಿದು ಬಂದು ಹೊಸ್ತಿಲು ದಾಟುತ್ತಿದ್ದ ಗಂಡನ ಪಾದ ಶಾಲಿನ ಮೇಲಿಂದಲೇ ಒಮ್ಮೆ ಒತ್ತಿ ಹಿಡಿದಳು. "ಬರಕ್ಕಾಗ್ಲಿಲ್ಲ, ಬೇಜಾರು ಮಾಡ್ಕೋಬೇಡಿ," ಎಂದಳು. ಆಮೇಲೆ ಕಂಬಿ ಹಿಡಿದುಕೊಂಡು ಹತ್ತಿದಳು. ತಿರುವಿನಲ್ಲಿ ನಿಲ್ಲಲಿಲ್ಲ.

ಟೆರೇಸಿನ ನೆಲ ಕೆಂಡದಂತಿತ್ತು. ಕಪ್ಪು ಪ್ಲಾಸ್ಟಿಕ್ಕಿನ ಮೇಲೆಲ್ಲ ಹೊರಗುಳಿದ ಹುಳುಗಳು, ಹೂವಿನಿಂದ ಮರಳಿ ಬಂದು ಬಾಗಿಲು ಕಾಣದವು, ಕಾಲಲ್ಲಿ ಪರಾಗ ಹೊತ್ತೇ ಹರಿದಾಡುತ್ತಿದ್ದವು. ಗಂಡ ಹಾಕಿಕೊಳ್ಳುತ್ತಿದ್ದ ಮುಖಪರದೆ ಎಲ್ಲಿದೆಯೋ ಅವಳಿಗೆ ಗೊತ್ತಿರಲಿಲ್ಲ, ಹುಡುಕುವಷ್ಟು ಹೊತ್ತೂ ಇರಲಿಲ್ಲ. ಹಗ್ಗ ಬಿಚ್ಚಿದಳು. ಮೈದುನ ಎಲ್ಲ ಕೆಲಸವನ್ನೂ ಗಟ್ಟಿಯಾಗಿಯೇ ಮಾಡುತ್ತಾನೆ. ಗಂಟು ಬಿಚ್ಚುವಷ್ಟರಲ್ಲಿ ಉಗುರು ಕಿತ್ತುಬಂತು.

ಸಾಧುವಿನ ಬಾಗಿಲ ಬಟ್ಟೆ ಎಳೆದಳು. ಬಿಸಿ ಉಸಿರು ಕೈಗೆ ಬಡಿಯಿತು, ಹಿಂದೆಯೇ ಹುಳುಗಳು ಒಂದರ ಮೇಲೊಂದು ಉರುಳಿ ಬಂದವು. ಜೀವಂತ. ಸೋಮಾರಿಯವೂ ಜೀವಂತ. ಮಣಿಕಟ್ಟಿಗೆ ಎರಡು, ಕತ್ತಿಗೊಂದು ಕುಟುಕಿದವು. "ಕಚ್ಚಿ ಕಚ್ಚಿ, ನನ್ನ ಪರಿಚಯಾನೂ ಇಲ್ವಲ್ಲ ನಿಮಗೆ," ಎಂದಳು. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಬಿಕ್ಕುತ್ತಲೇ ಟ್ಯಾಂಕಿನಿಂದ ನೀರು ಹಿಡಿದು ಪೆಟ್ಟಿಗೆಗಳ ತಲೆಯ ಮೇಲೆ ಸುರಿದಳು.

ಕೆಳಗೆ ವ್ಯಾನ್ ಹೊರಟಿತು. ಅದರ ಬಿಳಿಯ ಚಾವಣಿ ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗುವುದು ಕಾಣಿಸಿತು. ಅವಳು ಮೂರನೆಯ ಪೆಟ್ಟಿಗೆಗೆ ತಿರುಗಿದಳು.

ಜೋರಿನ ಬಾಗಿಲ ಬಟ್ಟೆ ಎಳೆದಾಗ ಯಾವ ಸದ್ದೂ ಬರಲಿಲ್ಲ. ಎಲ್ಲಕ್ಕಿಂತ ದೊಡ್ಡ ಸಂಸಾರ, ಎಲ್ಲಕ್ಕಿಂತ ಹೆಚ್ಚು ಬಿಸಿ. ಒಳಗೆ ಮೇಣ ಕರಗಿ ಗೂಡೆಲ್ಲ ಕುಸಿದಿತ್ತು. ಬಾಗಿಲಿನಿಂದ ಮೊದಲು ಒದ್ದೆಯಾದ ಸತ್ತ ಹುಳುಗಳು, ಆಮೇಲೆ ಜೇನು ಇಳಿಯಿತು. ಬಿಸಿಲಿಗೆ ನೀರಾಗಿದ್ದ ಜೇನು ಟೆರೇಸಿನ ಇಳಿಜಾರಿನಲ್ಲಿ ನಿಧಾನವಾಗಿ ಹರಿಯುತ್ತ ಬಂತು. ಅವಳು ಅದರ ಎದುರು ಟ್ಯಾಂಕಿನ ನೆರಳಿನಲ್ಲಿ ಕುಸಿದು ಕೂತಳು. ಮಣಿಕಟ್ಟು ಊದುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಸಾಧುವಿನ ಪೆಟ್ಟಿಗೆಯಿಂದ ಒಂದು ಹುಳು ಬಂದು ಆ ಜೇನಿನ ಅಂಚಿನಲ್ಲಿ ಇಳಿಯಿತು. ನಾಲಿಗೆ ಚಾಚಿ ಹೀರಿತು. ಹೊಟ್ಟೆ ತುಂಬಿದ ಭಾರಕ್ಕೆ ತೂರಾಡುತ್ತ ಎದ್ದು ತನ್ನ ಗೂಡಿಗೆ ಹೋಯಿತು. ಮತ್ತೆ ನಾಲ್ಕು ಬಂದವು, ಆಮೇಲೆ ನಲವತ್ತು. ಅವಸರದಲ್ಲಿ ಒಂದೆರಡು ಜೇನಿನೊಳಗೇ ಬಿದ್ದು ರೆಕ್ಕೆ ಒದ್ದೆಯಾಗಿ ಒದ್ದಾಡಿದವು. ಅವಳು ಕೈಗೆ ಸಿಕ್ಕ ಪೊರಕೆಯನ್ನು ಎಳೆದುಕೊಂಡು ಒಂದು ಕಡ್ಡಿ ಕಿತ್ತಳು. ಅದನ್ನು ನಾಲ್ಕು ತುಂಡು ಮುರಿದು, ಅವಕ್ಕೆ ಕಾಲೂರಲು ಜಾಗವಾಗುವಂತೆ, ಜೇನಿನ ಮೇಲೆ ಒಂದೊಂದಾಗಿ ತೇಲಿಬಿಟ್ಟಳು. ಇನ್ನೊಂದು ಕಡ್ಡಿ ಕಿತ್ತಳು.